ಬಟ್ಟಿ ಅಲ್ಲ ಅಂದಾಕಿ ನನ್ನ ಅತ್ತಿ

ರೊಟ್ಟಿ ಬಡಿಯುತ್ತ ಕೂತಿದ್ದೆ. ಕೆಮ್ಮು ಬಂತು. ಹೊಕ್ಕಳದ ಹತ್ತಿರ ಏನೋ ಪುಳಕ್ಕನೆ ಹೊರಗೆ ಬಂದಂತಾಯಿತು. ಸೆರಗು ಸರಿಸಿ ನೋಡಿದರೆ ಸಣ್ಣ ಬದನೆಕಾಯಿಯಷ್ಟು ಗಂಟು. ಒತ್ತಿದೆ. ಒಳಗೆ ಹೋಯಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ತಿರುವಿ ಹಾಕಿದೆ.

ಐದನೆಯ ಹೆರಿಗೆ ಆಗಿ ವರ್ಷವಾಗುತ್ತ ಬಂದಿತ್ತು. ಹೊಟ್ಟೆಯ ತೊಗಲು ಮೊದಲೇ ಸಡಿಲಾಗಿ ಜೋತು ಬಿದ್ದಿತ್ತು. ಮಡಿಕೆಯ ಕೆಳಗೆ ಬೇಸಿಗೆಯಲ್ಲಿ ಹುಣ್ಣು, ಉರಿ. ಬಾಣಂತನದಲ್ಲಿ ಹೊಟ್ಟೆ ಕಟ್ಟಿದ ಹಳೆಯ ಧೋತರವನ್ನೇ ಮತ್ತೆ ಬಿಗಿದುಕೊಂಡು ಹೊಲಕ್ಕೆ ಹೋಗುತ್ತಿದ್ದೆ. ಓಣಿಯ ಹೆಂಗಸರ ಕಣ್ಣು ಬಿಡುತ್ತದೆಯೇ? "ಮತ್ತ ಎಷ್ಟ್ ತಿಂಗಳು ಬೇ?" ಅಂತ ಕೇಳೋರು. ಬಸುರಿಯ ಬಯಕೆಗೆಂದು ಕಡಬು ಮಾಡಿ ತಂದುಕೊಟ್ಟರು. ಇಲ್ಲ ಅಂದಷ್ಟೂ ನಾಚುತ್ತಿದ್ದೇನೆ ಅಂದುಕೊಂಡು ನಕ್ಕರು. ಕಡಬು ತಿಂದೆ, ಸುಳ್ಳೇಕೆ ಹೇಳಲಿ. ಅಳುತ್ತ ತಿಂದೆ.

ನನ್ನ ಅತ್ತಿ ನಮ್ಮೂರು ಅತನೂರಿನಲ್ಲಿ ಬಟ್ಟಿ ತಿಕ್ಕುವಾಕಿ. ಭಾರ ಎತ್ತಿದರೆ ಹೊಕ್ಕಳದ ನಾಡಿ ತನ್ನ ಜಾಗ ಬಿಟ್ಟು ಜಾರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೇ ಬಟ್ಟಿ ಬೀಳುವುದು ಅನ್ನುತ್ತಾರೆ. ಅತ್ತಿ ಎಣ್ಣೆ ಹಚ್ಚಿ ತಿಕ್ಕಿ, ಹೊಕ್ಕಳದ ಮೇಲೆ ದೀಪ ಇಟ್ಟು, ತಂಬಿಗೆ ಬೋರಲು ಹಾಕಿ ಎಳೆದು ಕೂಡಿಸುತ್ತಾಳೆ. ಘತ್ತರಗಿ ಕಡೆಯಿಂದಲೂ ಜನ ಬರುತ್ತಾರೆ. ನನ್ನ ಗಂಟನ್ನೂ ಬಟ್ಟಿ ಅಂತಲೇ ತಿಳಿದಳು. ದಿನಾ ತಿಕ್ಕಿದಳು. ತಿಕ್ಕಿದಾಗ ಒಳಗೆ ಹೋಗುತ್ತಿತ್ತು, ನೀರಿನ ಕೊಡ ಎತ್ತಿದರೆ ಮತ್ತೆ ಹೊರಗೆ. ಅತ್ತಿಯ ಕೈಗುಣದ ಮೇಲೆ ನನಗೂ ನಂಬಿಕೆ ಇತ್ತು.

ಒಂದು ಮಧ್ಯಾಹ್ನ ಅದು ಒಳಗೆ ಹೋಗಲಿಲ್ಲ.

ಗಂಟು ಕಲ್ಲಿನಂತೆ ಗಟ್ಟಿಯಾಯಿತು. ವಾಂತಿ ಮೇಲೆ ವಾಂತಿ. ಜೀವ ಬಾಯಿಗೆ ಬಂತು. ಅತ್ತಿ ಎಣ್ಣೆ ಹಚ್ಚಿ ಕೈ ಇಟ್ಟಳು, ಒಮ್ಮೆ ಒತ್ತಿದಳು, ನನ್ನ ಮುಖ ನೋಡಿ ಕೈ ತೆಗೆದಳು. ಹೊರಗೆ ಸೇರಿದ್ದ ಹೆಂಗಸರು "ತಂಬಿಗಿ ಹಚ್ಚಬೇ, ತಂಬಿಗಿ ಹಚ್ಚು" ಅನ್ನುತ್ತಿದ್ದರು.

"ಇದು ಬಟ್ಟಿ ಅಲ್ಲ," ಅಂದಳು ಅತ್ತಿ, ಎಲ್ಲರಿಗೂ ಕೇಳುವಂತೆ. "ನಾ ತಪ್ಪು ತಿಳ್ಕೊಂಡಿದ್ದೆ. ಇದು ನನ್ನ ಕೈಲೆ ಆಗೂದಲ್ಲ."

ಹೊತ್ತು ಮುಳುಗುವ ಮುಂಚೆ ಗಂಟು ತಾನಾಗಿಯೇ ಮೆತ್ತಗಾಗಿ ಒಳಗೆ ಸರಿಯಿತು. ಘತ್ತರಗಿಯ ದೇವಿ ಭಾಗ್ಯವಂತಿಯ ಪುಣ್ಯ. ಆದರೆ ಅತ್ತಿ ಸುಮ್ಮನಾಗಲಿಲ್ಲ. ನನ್ನ ಗಂಡ, "ಈ ಗಲಾಟಿ ದಿನದಾಗ ಎಲ್ಲಿಗಿ ಒಯ್ಯೂದವ್ವಾ?" ಅಂದ. ರಜಾಕಾರರ ಅಂಜಿಕೆಗೆ ಜನ ಊರು ಬಿಡುತ್ತಿದ್ದ ಕಾಲ ಅದು.

"ಸೋಲಾಪುರಕ್ಕ. ಗಾಡಿ ಹೂಡು. ಐದು ಮಕ್ಕಳಿಗಿ ತಾಯಿ ಬೇಕೋ ಬ್ಯಾಡೋ?"

ದೊಡ್ಡ ಮಕ್ಕಳನ್ನು ನಾದಿನಿಯ ಹತ್ತಿರ ಬಿಟ್ಟು, ಮೊಲೆ ಬಿಡದ ಸಣ್ಣಾಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತಿ ತಾನೇ ಗಾಡಿ ಹತ್ತಿದಳು. ಸಂಸ್ಥಾನದ ಗಡಿಯ ತಪಾಸಣೆ ನಾಕಾದಲ್ಲಿ ಸಿಪಾಯಿಗೆ ನನ್ನ ಹೊಟ್ಟೆಯ ಮೇಲೆ ಸಂಶಯ ಬಂತು. ಸೀರೆಯೊಳಗೆ ಏನೋ ಕಟ್ಟಿಕೊಂಡು ದಾಟಿಸುತ್ತಿದ್ದೇನೆ ಅಂದುಕೊಂಡ. "ಬಸುರಿ ಅದಾಳಪ್ಪಾ," ಅಂದಳು ಅತ್ತಿ. ಅವನು ಕಂಕುಳಲ್ಲಿದ್ದ ಕೂಸನ್ನು ನೋಡಿದ, ನನ್ನನ್ನು ನೋಡಿದ, ಪಾಪ ಅನ್ನಿಸಿರಬೇಕು, ಬಿಟ್ಟುಬಿಟ್ಟ. ಆ ಹೊಟ್ಟೆ ಒಂದೇ ಒಂದು ಸಲ ಉಪಯೋಗಕ್ಕೆ ಬಂತು. ದುಧನಿಯಲ್ಲಿ ರೈಲು ಹತ್ತಿದೆವು.

ಸೋಲಾಪುರದ ಡಾಕ್ಟರ್ ನನ್ನನ್ನು ಮಲಗಿಸಿ ಕೆಮ್ಮಲು ಹೇಳಿದರು. "ಬಾಯೀ, ಇದಕ್ಕ ಹರ್ನಿಯಾ ಅಂತಾರ. ಹೊಟ್ಟಿ ಗೋಡಿ ನಡುವ ಬಿಟ್ಟದ, ಕರುಳು ಹೊರಗ ಬರಾಕತ್ತದ. ಇನ್ನೊಮ್ಮೆ ಸಿಕ್ಕೊಂಡ್ರ ಜೀವಕ್ಕ ಅಪಾಯ. ಆಪರೇಶನ್ ಆಗಬೇಕು."

ಹೇಗೆ ಕೊಯ್ಯುತ್ತೀರಿ ಅಂತ ಕೇಳಿದೆ. ನರ್ಸ್ ನಕ್ಕಳು, ಅವರು ನಗಲಿಲ್ಲ. ಹಾಸಿಗೆಯ ಚಾದರಿನ ಮೇಲೆ ಬೆರಳಿನಿಂದ ಗೆರೆ ಎಳೆದು ತಿಳಿಸಿದರು. ಒಂದು, ಉದ್ದಕ್ಕೆ ಕೊಯ್ದು ಸೀಳು ಹೊಲಿಯುವುದು. ಬೇಗ ಆಗುತ್ತದೆ, ಆದರೆ ಜೋತ ತೊಗಲು ಹಾಗೇ ಉಳಿಯುತ್ತದೆ, ಹುಣ್ಣೂ ಉಳಿಯುತ್ತದೆ. ಇನ್ನೊಂದು, ಅಡ್ಡಕ್ಕೆ ಕೊಯ್ದು, ಮೇಲೊಂದು ಕೆಳಗೊಂದು ಗೆರೆಯ ನಡುವಿನ ಹೆಚ್ಚಿನ ತೊಗಲು, ಕೊಬ್ಬು ಎಲ್ಲ ತೆಗೆದು, ಒಳಗಿನ ಗಟ್ಟಿ ಪದರನ್ನು ಒಂದರ ಮೇಲೊಂದು ತಂದು ಹೊಲಿಯುವುದು. ಅಂಗಿಯ ಎರಡು ಅಂಚು ಒಂದರ ಮೇಲೊಂದು ಬಂದ ಹಾಗೆ. ಹರ್ನಿಯಾಕ್ಕೆ ಅದೇ ಗಟ್ಟಿ. ಆದರೆ ಹೊಕ್ಕಳವೂ ಹೋಗುತ್ತದೆ. ಹೊಕ್ಕಳ ಉಳಿಸಿಕೊಂಡು ತೊಗಲು ಕೆಳಗೆ ಎಳೆದು ಅದಕ್ಕೆ ಹೊಸ ತೂತು ಮಾಡುವ ರೀತಿಯೂ ಇದೆಯಂತೆ. "ಅದರಾಗ ನನ್ನ ಕೈ ಪಳಗಿಲ್ಲ. ನಿಮ್ಮದರಾಗ ಹೊಕ್ಕಳ ಕರ್ರಗಾಗಿ ಕೊಳೀಬಹುದು," ಅಂದರು. ತನಗೆ ಬಾರದ್ದನ್ನು ಬಾಯಿ ಬಿಟ್ಟು ಹೇಳಿದ ಆ ಮನುಷ್ಯನ ಮೇಲೆ ನನಗೆ ಅಲ್ಲೇ ನಂಬಿಕೆ ಕೂತಿತು.

ಆದರೂ ಹೊಕ್ಕಳ! "ಹೊಕ್ಕಳ ಇಲ್ಲದ ಮನುಷ್ಯಾರು ಎಲ್ಯಾರ ಅದಾರೇನ್ರಿ?" ಅಂದೆ. ಅತ್ತಿಯ ಕಡೆ ನೋಡಿದೆ. ಊರ ಮಂದಿಯ ಹೊಕ್ಕಳ ಹಿಡಿದೇ ತಲೆ ನೆರೆತಾಕಿ ಆಕಿ.

"ತಾಯಿ ಹೊಟ್ಯಾಗ ಇದ್ದಾಗ ಅದರ ಕೆಲಸ ಇತ್ತು, ಮುಗೀತು," ಅಂದಳು. "ತಗೀರಿ ಸಾಹೇಬ್ರ. ನಮಗ ಈಕಿ ಬೇಕು."

ಮೂಗಿಗೆ ಈಥರ್ ಹಿಡಿದರು. ಆಮೇಲೆ ಏನೂ ಗೊತ್ತಿಲ್ಲ.

ಎಚ್ಚರಾದಾಗ ಹೊಟ್ಟೆಯ ಮೇಲೆ ಬೆಂಕಿ ಇಟ್ಟ ಹಾಗಿತ್ತು. ಮೊಣಕಾಲು ಮಡಿಸಿ, ಬಾಗಿಯೇ ಮಲಗಬೇಕು. ಕೆಮ್ಮು ಬಂದರೆ ದಿಂಬು ಅವಚಿಕೊಂಡು ಕೆಮ್ಮಬೇಕು. ನೆಟ್ಟಗೆ ನಿಲ್ಲಲು ಬಹಳ ದಿನ ಹಿಡಿಯಿತು. ಗಾಯದ ಒಂದು ಮೂಲೆ ಸೋರಿತು, ಮತ್ತೆ ಮತ್ತೆ ಡ್ರೆಸಿಂಗ್. ನರ್ಸ್‌ಗೆ ನಾನು ಬೈದದ್ದೂ ಉಂಟು. ಆಕೆ ಬೈಸಿಕೊಂಡೇ ಬಟ್ಟೆ ಬದಲಿಸಿದಳು, ಆ ತಾಯಿಯ ಋಣ ದೊಡ್ಡದು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರ್ ಹೇಳಿದರು. ಮುಂದೆ ಭಾರ ಎತ್ತಬಾರದು, ಇನ್ನು ಬಸುರು ಬೇಡ, ಎಷ್ಟೇ ಜೋಪಾನ ಮಾಡಿದರೂ ಗಂಟು ಮತ್ತೆ ಬರುವುದಿಲ್ಲ ಅಂತ ಮಾತು ಕೊಡಲಾರೆ. ಆಮೇಲೆ ದನಿ ಬಿಗಿಯಾಯಿತು. "ಒಳಗ ಕರುಳು ಅಂಟಿಕೊಂಡಿತ್ತು. ಇಷ್ಟು ದಿನಾ ತಿಕ್ಕಿದವರು ಯಾರು? ಅವರು ನಿಮ್ಮನ್ನ ಕೊಂದುಬಿಡತಿದ್ರು."

ಅತ್ತಿ ಕೂಸನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು. ತಲೆ ಕೆಳಗೆ ಹಾಕಿದಳು.

ನನಗೆ ಸಿಟ್ಟು ಬಂತು. ಡಾಕ್ಟರ್ ಹೇಳಿದ್ದು ಖರೆ, ಆದರೂ ಬಂತು. "ನನ್ನ ಅತ್ತೀರಿ. ತಿಕ್ಕಿದಾಕೀನೂ ಆಕಿನೇ, ಕೈ ತಗದಾಕೀನೂ ಆಕಿನೇ. ಊರ ಮಂದಿ ಮುಂದ 'ನಾ ತಪ್ಪಿದೆ' ಅಂದಳ್ರಿ. ಆಕಿ ಹಂಗ ಅನ್ನದಿದ್ರ ನಾ ನಿಮ್ಮ ತನಕ ಬರ್ತಿದ್ದಿಲ್ಲ."

ಡಾಕ್ಟರ್ ಅತ್ತಿಯ ಕಡೆ ತಿರುಗಿದರು. "ಕೂಡ್ರಿ, ಅವ್ವಾ," ಅಂತ ಕುರ್ಚಿ ತೋರಿಸಿ ಹೋದರು.

ಅತ್ತಿ ಕೂಡಲಿಲ್ಲ. ಮಂಚದ ಹತ್ತಿರ ಬಂದಳು. ಕಣ್ಣು ತುಂಬಿದ್ದವು. "ಕೊಂದೇ ಬಿಡತಿದ್ದೆನಲ್ಲ ಬೇ ನಿನ್ನ."

"ಕೊಲ್ಲಲಿಲ್ಲಲ್ಲ ಅತ್ತಿ. ಕೂಸಿನ ಇಲ್ಲಿ ಕೂಡಸು."

ಆಕಿ ಸಣ್ಣಾಕಿಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟಳು. ಕೂಡಲು ಬಂದಾಗಿನಿಂದ ನನ್ನ ಜೋತ ಹೊಟ್ಟೆ ಅಡ್ಡ ಬಂದು ಮೊಣಕಾಲ ಮೇಲೆ ಜಾರಿ ಜಾರಿ ಕೂಡುತ್ತಿದ್ದ ಕೂಸು. ಅವತ್ತು ಪೂರಾ ಒಳಗೆ ಸರಿದು ಕೂತಿತು. ನನ್ನ ಮಡಿಲಲ್ಲಿ ಮೊದಲ ಸಲ ಅದಕ್ಕೆ ಜಾಗ ಇತ್ತು.