ಶಿಲುಬೆ ಬಿಚ್ಚದ ಗುರುವಾರ

ಆಶಾ ಕಾರ್ಯಕರ್ತೆ ಸವರಿಯಮ್ಮನ ದನಿ ಅಗ್ರಹಾರದ ಆ ಓಣಿಗೆಲ್ಲ ಗೊತ್ತು. ತಿರುವಿನಲ್ಲಿ ನಿಂತು "ಧನೂ..." ಅಂತ ಒಂದು ಸಲ ಕೂಗಿದರೆ ಸಾಕು, ವಠಾರದ ಕೊನೇ ಮನೆಯಿಂದ ನಾಲ್ಕು ವರ್ಷದ ಧನುಶ್ರೀ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಹಿಂದೆಯೇ ಅಜ್ಜಿ ಪುಟ್ಟಬಸಮ್ಮ, ಊದುಬತ್ತಿ ಹೊಸೆದು ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಹದಿನಾರು ವರ್ಷ ಮನೆಮನೆ ತಿರುಗಿ ಸವರಿಯಮ್ಮ ಸಂಪಾದಿಸಿದ್ದು ಇಷ್ಟೇ, ಕೂಗಿದರೆ ಓಡಿ ಬರುವ ಮಕ್ಕಳು. ಅದೇನು ಕಮ್ಮಿಯಲ್ಲ.

ಧನುವಿಗೆ ಮಾತ್ರ ದಡಾರದ ಲಸಿಕೆ ಆಗಿರಲಿಲ್ಲ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅಪ್ಪ ಚಂದ್ರಮೌಳಿ ಕೂಲಿ ಸಿಕ್ಕ ಊರಿಗೆಲ್ಲ ತನ್ನಮ್ಮನನ್ನೂ ಮಗುವನ್ನೂ ಕಟ್ಟಿಕೊಂಡು ಅಲೆದು, ಕೊನೆಗೆ ಮೈಸೂರಿನಲ್ಲಿ ಬಾಡಿಗೆಯ ಗೂಡ್ಸ್ ಆಟೋ ಹಿಡಿದಿದ್ದ. ಹೊಟ್ಟೆಪಾಡಿನ ಅಲೆದಾಟದಲ್ಲಿ ಎರಡು ಡೋಸೂ ತಪ್ಪಿದ್ದವು. ಈಗಲಾದರೂ ಹಾಕಿಸೋಣವೆಂದರೆ ಆಟೋ ಸ್ಟ್ಯಾಂಡಿನಲ್ಲಿ ಅವನ ತಲೆ ಕೆಡಿಸಿದ್ದರು. ಧರ್ಮ ಉಳಿಸಲು ಹೊರಟ ಗುಂಪೊಂದು, ಸವರಿಯಮ್ಮ ಹಾಕಿಸುವ ಸೂಜಿಯಲ್ಲಿ ಮತಾಂತರದ ಮದ್ದಿದೆ ಅಂತ ಎಲ್ಲರ ಮೊಬೈಲಿಗೂ ಹಂಚುತ್ತಿತ್ತು.

"ಹಂಗಿದ್ರೆ ಮೊದಲು ನಂಗೊಂದು ಚುಚ್ಚಿಸು. ಭಾನುವಾರ ಚರ್ಚಿನ ಪೂಜೆಗಾದ್ರೂ ಎದ್ದು ಹೋಗ್ತೀನಿ," ಅಂದಿದ್ದ ಸವರಿಯಮ್ಮನ ಗಂಡ ಸಿಲ್ವೆಸ್ಟರ್. ಅವಳಿಗೆ ನಗು ಬಂದಿರಲಿಲ್ಲ.

ಗುರುವಾರವೆಂದರೆ ಓಣಿಯಲ್ಲಿ ಲಸಿಕೆ ಹಾಕುವ ದಿನ. ಆ ಗುರುವಾರ ನರ್ಸ್ ಪ್ರೀತಿ ಲಸಿಕೆಯ ಡಬ್ಬಿ ಹಿಡಿದು ಓಣಿಯ ತುದಿಯಲ್ಲಿ ಕಾಯುತ್ತಿದ್ದಳು. ಬಾಗಿಲಿಗೆ ಬಂದ ಪುಟ್ಟಬಸಮ್ಮ ಅತ್ತಿತ್ತ ನೋಡಿ ಪಿಸುಗುಟ್ಟಿದಳು.

"ಶಿಲುಬೆ ನಮ್ಮ ಹೊಸ್ತಿಲು ದಾಟ್ಬಾರ್ದು ಅಂತ ನನ್ ಮಗ ನನ್ ಕೈಲಿ ಲಿಂಗ ಮುಟ್ಟಿಸಿ ಆಣೆ ಮಾಡಿಸ್ಕೊಂಡವ್ನೆ ಕಣಮ್ಮ. ಸೂಜಿ ವಿಚಾರ ಆಣೇಲಿ ಇಲ್ಲ. ನೀವು ಆ ಶಿಲುಬೆ ಸರ ಬಿಚ್ಚಿ ಈ ಗೋಡೆ ಗೂಡಲ್ಲಿಟ್ಟು ನರ್ಸಮ್ಮನ್ನ ಕರ್ಕೊಂಡು ಬಂದ್ಬುಡಿ. ಐದೇ ನಿಮಿಷ. ಅವ್ನು ಬರೋದು ಸಂಜೆಗೆ."

ಸವರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಮದುವೆಯ ದಿನ ತಾಯಿ ತನ್ನ ಕೊರಳಿಂದ ತೆಗೆದು ಹಾಕಿದ್ದ ಸರ ಅದು. ಅಷ್ಟು ವರ್ಷ ಯಾರ ಕಣ್ಣಿಗೂ ಚುಚ್ಚದ ಶಿಲುಬೆ ಈಗ ಚುಚ್ಚುತ್ತದೆಯೇ?

"ನಾನ್ಯಾಕೆ ಬಿಚ್ಚಲಿ? ನೀವು ನಿಮ್ಮ ಕೊರಳಲ್ಲಿರೋ ಲಿಂಗ ಬಿಚ್ಚಿ ಗೂಡಲ್ಲಿಡ್ತೀರಾ ಅಜ್ಜಿ?"

ಪುಟ್ಟಬಸಮ್ಮನ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ದೀಕ್ಷೆಯಾದ ದಿನದಿಂದ ಸ್ನಾನದಲ್ಲೂ ಬಾಣಂತನದಲ್ಲೂ ಅವಳ ಮೈ ಬಿಟ್ಟಿರದ ಲಿಂಗ ಅದರಲ್ಲಿತ್ತು. ಸವರಿಯಮ್ಮ ಪುಸ್ತಕ ತೆಗೆದು 'ಮನೆಯವರು ನಿರಾಕರಿಸಿದರು' ಎಂದು ಬರೆದು ಹೊರಟಳು. ಮಾತಿನಲ್ಲಿ ಗೆದ್ದಿದ್ದಳು. ಓಣಿ ದಾಟುವವರೆಗೂ ಆ ಗೆಲುವು ಹಿತವಾಗಿಯೇ ಇತ್ತು.

ಎರಡು ತಿಂಗಳಿಗೆ ಓಣಿಗೆ ದಡಾರ ಬಂತು, ಧನುವಿಗೂ ತಗುಲಿತು. ಪುಟ್ಟಬಸಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಜ್ವರ ಇಳಿದ ಮೇಲೆ ಧನುವಿನ ಕಿವಿಯಲ್ಲಿ ಕೀವು ಸೋರತೊಡಗಿತು. ಆಸ್ಪತ್ರೆಗೆ ಹೋಗಿ ಕೂತರೆ ಅಜ್ಜಿಯ ಬತ್ತಿಯೂ ಅಪ್ಪನ ಬಾಡಿಗೆಯೂ ತಪ್ಪಿ ಅವತ್ತಿನ ಊಟಕ್ಕೇ ಕಲ್ಲು ಬೀಳುತ್ತಿತ್ತು. ಎಣ್ಣೆ ಬಿಸಿ ಮಾಡಿ ಬಿಟ್ಟು ಕಾದರು. ಸುದ್ದಿ ತಿಳಿದು ಸವರಿಯಮ್ಮ ಮಗುವನ್ನು ಎತ್ತಿಕೊಂಡು ಓಡುವಷ್ಟರಲ್ಲಿ ತಡವಾಗಿತ್ತು. ಎರಡು ಕಿವಿಯೂ ಹೋದವು.

ಧರ್ಮ ಉಳಿಸುವವರು ಒಬ್ಬರೂ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಬೆಂಚಿನ ಮೇಲೆ ಚಂದ್ರಮೌಳಿ ತಲೆ ತಗ್ಗಿಸಿ ಕೂತಿದ್ದ. ಚೆನ್ನಾಗಿ ಉಗಿಯಬೇಕೆಂದು ಹತ್ತಿರ ಹೋದ ಸವರಿಯಮ್ಮನ ಬಾಯಿಗೆ ಒಂದು ಬೈಗುಳವೂ ಬರಲಿಲ್ಲ. ಅವತ್ತು ತಾನು ಹೊರಗೆ ನಿಂತು ಪ್ರೀತಿಯೊಬ್ಬಳನ್ನೇ ಒಳಗೆ ಕಳಿಸಬಹುದಿತ್ತು. ಅದು ಹೊಳೆಯಲಿಲ್ಲ ಅಂತ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಹೊಳೆದಿತ್ತು. ಅಜ್ಜಿಯೇ ಬಂದು ಬೇಡಿಕೊಳ್ಳಲಿ ಎಂಬ ಹಟ ಅದನ್ನು ನುಂಗಿತ್ತು.

"ನೀವು ಕೇಳ್ದಾಗ ಬಿಚ್ಚಿಡ್ತೀನಿ ಅಂದ್ಬುಡ್ಬೇಕಿತ್ತು ಕಣಮ್ಮ," ಅಂದಳು ಪುಟ್ಟಬಸಮ್ಮ. "ಶಿವ ಏನು ಓಡಿಹೋಗ್ತಿದ್ನಾ?"

"ನಾನು ಕೇಳಿದ್ದೇ ತಪ್ಪು ಅಜ್ಜಿ," ಅಂದು ಸವರಿಯಮ್ಮ ಅವಳ ಕೈ ಹಿಡಿದು ಅತ್ತಳು.

ಈಗ ಗುರುವಾರಗಳಂದು ಅವಳು ಸರ ಬಿಚ್ಚಿ ಮನೆಯಲ್ಲೇ ಇಟ್ಟು ಬರುತ್ತಾಳೆ. ಬಿಚ್ಚು ಅಂತ ಯಾರೂ ಹೇಳುವುದಿಲ್ಲ. ತಿರುವಿಗೆ ಬಂದಾಗ ಹಳೇ ಅಭ್ಯಾಸದಲ್ಲಿ "ಧನೂ..." ಅಂದುಬಿಡುತ್ತಾಳೆ. ಅಕ್ಕಪಕ್ಕದ ಮಕ್ಕಳು ಓಡಿ ಬರುತ್ತವೆ. ಧನು ಮಾತ್ರ ಓಣಿಗೆ ಬೆನ್ನು ಹಾಕಿ ಬತ್ತಿಯ ಕಡ್ಡಿ ಜೋಡಿಸುತ್ತ ಜಗಲಿಯ ಮೇಲೆ ಕೂತಿರುತ್ತಾಳೆ. ಸವರಿಯಮ್ಮ ಓಣಿಯುದ್ದಕ್ಕೂ ನಡೆದು ಅವಳ ಮುಂದೆ ಹೋಗಿ ಕೂರಬೇಕು. ಆಗ ಮಗು ತಲೆಯೆತ್ತಿ ನಗುತ್ತದೆ, ಅವಳ ಬರಿಗೊರಳನ್ನು ಮುಟ್ಟಿ ನೋಡುತ್ತದೆ, ಸರ ಎಲ್ಲಿ ಅಂತ ಕೈಯಾಡಿಸಿ ಕೇಳುತ್ತದೆ.