ಹೆಣ್ಣುಮಕ್ಕಳ ಹೆಸರೂ ಬರೆಯುವ ಹೆಳವ

ಹೂಲಿಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಎತ್ತಿನ ಮೇಲೆ ಕುಳಿತ ಹೆಳವ ಮುದಕಪ್ಪ ಗಂಟೆ ಬಾರಿಸುತ್ತ ಸತ್ಯಪ್ಪನ ಮನೆ ಮುಂದೆ ನಿಂತಿದ್ದಾರೆ. ಆ ಮನೆತನದ ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಎಲ್ಲವೂ ಗಂಡಸರ ಹೆಸರು. ಆಮೇಲೆ ಸತ್ಯಪ್ಪನ ತಾಯಿ ತಾಯವ್ವನ ಕಡೆ ತಿರುಗಿ, "ಎದಿ ಹೆಂಗೈತಿ ಯವ್ವಾ?" ಎಂದು ಕೇಳುತ್ತಾರೆ.

"ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತಿ," ಎನ್ನುತ್ತಾರೆ ಅರವತ್ತನಾಲ್ಕರ ತಾಯವ್ವ.

ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ವಂಶಾವಳಿ ಹೇಳುವುದು, ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಪುಸ್ತಕಕ್ಕೆ ಏರಿಸಿ ಜೋಳ ಪಡೆಯುವುದು ಹೆಳವರ ಕಸುಬು. ಮುದಕಪ್ಪನವರಿಗೆ ಐವತ್ತೆಂಟು. ಸವದತ್ತಿ, ರಾಮದುರ್ಗ ಸೀಮೆಯ ನಾನೂರು ಮನೆ ಅವರ ಪಾಲಿನವು, ದಿನಕ್ಕೆ ಆರೇಳು ಮುಗಿಯುತ್ತವೆ. ಎತ್ತಿಗೂ ವಯಸ್ಸಾಗಿದೆ, ಸವಾರನಿಗೂ ಸೊಂಟನೋವು.

೧೯೭೪ರಲ್ಲಿ, ಅಂದರೆ ಎರಡು ವರ್ಷದ ಹಿಂದೆ, ಬೆಳಗಾವಿಯ ಡಾಕ್ಟರೊಬ್ಬರು ತಾಯವ್ವನನ್ನು ಪರೀಕ್ಷಿಸಿದರು. ಹೃದಯದ ಒಂದು ಕವಾಟ ಗಡಸಾಗಿತ್ತು. ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ವಿಪರೀತವಿತ್ತು. ಇಂಥ ಕೊಬ್ಬು ಹುಟ್ಟಿನಿಂದಲೇ ಇಳಿದು ಬರುತ್ತದೆ, ಕವಾಟಕ್ಕೂ ಅದಕ್ಕೂ ನಂಟಿರಬಹುದು, ರಕ್ತಸಂಬಂಧಿಗಳನ್ನೆಲ್ಲ ಕಳಿಸಿ ಎಂದರು. ಸಂಬಂಧ ಎಂದಮೇಲೆ ಹೆಳವರ ಪುಸ್ತಕ ಬಿಚ್ಚಲೇಬೇಕು. ಮುದಕಪ್ಪ ಹನ್ನೊಂದು ಹೆಸರು ಓದಿದರು. ಹನ್ನೊಂದು ಮಂದಿ ಗಂಡಸರು ಬಸ್ಸು ಹತ್ತಿ, ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದರು. ಸತ್ಯಪ್ಪನೊಬ್ಬನನ್ನು ಬಿಟ್ಟರೆ ಎಲ್ಲರೂ ಆಕೆಯ ಭಾವ ಮೈದುನರು, ಅವರ ಮಕ್ಕಳು. ಆಕೆಯ ರಕ್ತಕ್ಕೂ ಅವರಿಗೂ ಏನೇನೂ ಸಂಬಂಧವಿಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಯವಳು ಎಂದುಕೊಂಡ ಊರಿಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ.

"ಡಾಕ್ಟರ್ ನಕ್ಕರ್ರಿ. ನನಗ ನಗು ಬರಲಿಲ್ಲ," ಎನ್ನುತ್ತಾರೆ ಮುದಕಪ್ಪ. ತಾಯವ್ವನ ತವರು ಮನೋಳಿಗೆ ಹೋದರು. ಪುಸ್ತಕದಲ್ಲಿ ಆ ಮನೆತನದ ಪುಟದಲ್ಲಿ ಆಕೆಯೂ ಇಲ್ಲ, ತಂಗಿ ಕೆಂಚವ್ವನೂ ಇಲ್ಲ. ಮುದುಕಿಯರನ್ನು ಕೇಳಿ ಕೇಳಿ ರಾಮದುರ್ಗದಲ್ಲಿ ಕೆಂಚವ್ವನ ಮನೆ ಹುಡುಕುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. "ಆಕಿ ಸತ್ತು ನಾಕು ತಿಂಗಳಾಗಿತ್ರಿ. ಎದಿ ಹಿಡಕೊಂಡು ಕುಂತಾಕಿ ಏಳಲಿಲ್ಲಂತ. ನಾ ಮೊದಲ ಸಲಾನ ಸರಿಯಾಗಿ ಹೇಳಿದ್ದರ ಆಕಿ ದವಾಖಾನಿ ಆದ್ರೂ ನೋಡ್ತಿದ್ಲು."

ಅಂದಿನಿಂದ ಅವರು ಹೆಣ್ಣುಮಕ್ಕಳ ಹೆಸರನ್ನೂ, ಕೊಟ್ಟ ಊರನ್ನೂ ಬರೆಯುತ್ತಾರೆ. ಈವರೆಗೆ ಮುನ್ನೂರಾ ಹನ್ನೆರಡು ಹೆಸರು. ಹೆಣ್ಣಿನ ಹೆಸರು ಯಾಕೆಂದು ಕೆಲವರು ಬಾಗಿಲು ಹಾಕಿಕೊಂಡಿದ್ದಾರೆ. ಇವತ್ತು ಅವರು ಬಂದಿರುವುದು ತಾಯವ್ವನ ಮಗಳು ಸುಂದರವ್ವನನ್ನು ಬರೆದುಕೊಳ್ಳಲು. ಬೈಲಹೊಂಗಲಕ್ಕೆ ಕೊಟ್ಟ ಆಕೆಗೆ ಮೂವತ್ತೆಂಟು. ತಾಯಿಯ ರೋಗ ಆಕೆಗೂ ಇಳಿದಿರಬಹುದೆಂಬ ಸುದ್ದಿಯನ್ನು ಬೀಗರ ಹೆದರಿಕೆಗೆ ಈ ಎರಡು ವರ್ಷ ಯಾರೂ ಮುಟ್ಟಿಸಿಲ್ಲ.

ತಾಯವ್ವನ ಭಾವ ಸೋಮಪ್ಪ ಅಡ್ಡ ಬರುತ್ತಾರೆ. "ರಕ್ತದಾಗ ರೋಗ ಐತಿ ಅಂತ ತಿಳದ್ರ ಬೀಗರು ಹುಡುಗೀನ ಹೊಳ್ಳಿ ಕಳಸ್ತಾರ. ಆಕಿ ಹೆಸರು ಬರದ್ರ ನಿನಗ ಜ್ವಾಳ ಇಲ್ಲ ನೋಡು."

ಮುದಕಪ್ಪ ಪುಸ್ತಕ ಬಿಚ್ಚಿ ಕಾಯುತ್ತಾರೆ. ನಲವತ್ತು ವರ್ಷ ಭಾವನೆದುರು ಬಾಯಿ ತೆರೆಯದ ತಾಯವ್ವ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ.

"ಹೊಳ್ಳಿ ಕಳಸಿದ್ರ ಜೀಂವಂತ ಆದ್ರೂ ಬರತಾಳ. ಬರಿ ಮುದಕಪ್ಪಾ."

ಹೆಸರು ಬರೆದು, ಖಾಲಿ ಚೀಲವನ್ನು ಎತ್ತಿನ ಬೆನ್ನಿಗೆ ಹಾಕಿ ಮುದಕಪ್ಪ ಹೊರಡುತ್ತಾರೆ. "ಜ್ವಾಳ ಬರೂ ಸುಗ್ಗಿಗೆ ಕೊಡ್ರಿ ಧಣೇರ. ನಾ ನಾಡಿದ್ದ ಬೈಲಹೊಂಗಲ ಮುಟ್ಟಬೇಕು."