ಬಿಸಿಲು ಕುಡಿಯುವ ವಾಚು

ಚಳ್ಳಕೆರೆಯ ಇಂದುಧರಪ್ಪನವರು ಹಗಲಲ್ಲಿ ವಿಜಯವಾಡದ ಪಟಮಟದಲ್ಲಿ ಬ್ಯಾಂಕ್ ಅಧಿಕಾರಿ, ಶನಿವಾರದ ರಾತ್ರಿಗಳಲ್ಲಿ ವಿಶಾಖಪಟ್ಟಣದ ಕಡಲಾಮೆಗಳ ಸೂಲಗಿತ್ತಿ. ಮೊದಲನೆಯ ಉದ್ಯೋಗಕ್ಕೆ ಸಂಬಳ ಬರುತ್ತಿತ್ತು, ಎರಡನೆಯದಕ್ಕೆ ಹೆಂಡತಿ ಸುಮಿತ್ರಾಳ ಬೈಗುಳ ಬರುತ್ತಿತ್ತು. ಎರಡೂ ಎಂದೂ ತಡವಾಗಿದ್ದಿಲ್ಲ.

ನೀರೆಂದರೆ ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ಬಂದು ಹೋಗುವ ನೆಂಟ ಎಂದು ತಿಳಿದು ಬೆಳೆದ ಮನುಷ್ಯನಿಗೆ ಸಮುದ್ರದ ಹುಚ್ಚು ಹತ್ತಿದ್ದೇ ಒಂದು ಅವತಾರದ ಕಥೆ. ಎಂಬತ್ತೊಂಬತ್ತರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಹೊಸತು. ಊಟ ಅರಗಲೆಂದು ರಾತ್ರಿ ಜೋಡುಗುಳ್ಳಪಾಲೆಂ ಕಡೆ ಮರಳಲ್ಲಿ ನಡೆದು ಹೋದವರು, ಕಾಲು ನೋಯಿತೆಂದು ಒಂದು ಕರಿ ಬಂಡೆಯ ಮೇಲೆ ಕೂರಲು ಬಗ್ಗಿದರು. ಬಂಡೆ ನಿಟ್ಟುಸಿರು ಬಿಟ್ಟು ಮುಂದಕ್ಕೆ ನಡೆಯಿತು. ದೇವದಾನವರು ಮಂದರ ಪರ್ವತವನ್ನು ಇಟ್ಟ ಬೆನ್ನಿನ ಮೇಲೆ ಚಳ್ಳಕೆರೆಯ ಎಪ್ಪತ್ತೆಂಟು ಕಿಲೋ ಕೂರುವುದು ಕೂದಲೆಳೆಯಲ್ಲಿ ತಪ್ಪಿತು. ಆ ಆಮೆ ಮರಳು ಅಗೆದು, ಮೊಟ್ಟೆಯಿಟ್ಟು, ಕಣ್ಣಲ್ಲಿ ನೀರು ಸುರಿಸುತ್ತಾ ಕಡಲಿಗೆ ಮರಳುವವರೆಗೂ ಇಂದುಧರಪ್ಪ ಬಾಯಿ ತೆರೆದು ನಿಂತಿದ್ದರು. ಅರಗಬೇಕಾದ ಊಟದ ನೆನಪೂ ಬರಲಿಲ್ಲ.

ಆ ತೀರದಲ್ಲಿ ಆಮೆಗಳನ್ನು ಕಾಯುತ್ತಿದ್ದವರು ಸೂರ್ಯಪ್ರಕಾಶ ರಾವ್ ಎಂಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಹೆಸರಿನಲ್ಲಿ ಅಷ್ಟು ಬೆಳಕಿದ್ದರೂ ದಡದಲ್ಲಿ ಬೀಡಿಯ ಕಿಡಿಯನ್ನೂ ಸಹಿಸದ ಮನುಷ್ಯ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ ಎನ್ನುವುದು ಅವರ ಮೊದಲ ಪಾಠ. ಎರಡನೆಯದು ಇನ್ನೂ ಕಠಿಣ. ನಾಯಿ, ನರಿಗಳ ಬಾಯಿಗೆ ಬೀಳದಂತೆ ಮೊಟ್ಟೆಗಳನ್ನು ತೆಗೆದು ಬೇಲಿಯೊಳಗಿನ ಮರಳಿನಲ್ಲಿ ಹೂಳಬೇಕು; ಆದರೆ ಇಟ್ಟ ಎರಡು ಗಂಟೆಯೊಳಗೆ. ತಡವಾಗಿ ಅಲುಗಿಸಿದರೆ ಒಳಗೆ ಕೂತ ಜೀವ ಕಳಚಿಕೊಂಡು ಸಾಯುತ್ತದೆ. ತಡವಾಗಿದೆ ಎಂದು ಗೊತ್ತಾದರೆ ಅಲ್ಲೇ ಬಿಟ್ಟು ಕಾವಲು ಕೂರುವುದೇ ಮೇಲು. ಹಾಗಾಗಿ ದಡದಲ್ಲಿ ಗಡಿಯಾರದವನೇ ಬ್ರಹ್ಮ. ಆ ಬ್ರಹ್ಮಪದವಿ ಬ್ಯಾಂಕಿನವರೆಂಬ ಒಂದೇ ಅರ್ಹತೆಯ ಮೇಲೆ ಇಂದುಧರಪ್ಪನವರಿಗೆ ಸಿಕ್ಕಿತ್ತು.

ಬ್ರಹ್ಮನಿಗೆ ವಾಚು ಕೂಡಿಬರಲಿಲ್ಲ. ಮಾವ ಮದುವೆಯಲ್ಲಿ ಕಟ್ಟಿದ್ದು ಉಪ್ಪುನೀರು ಕುಡಿದು ಸತ್ತಿತು. ಆಮೇಲೆ ಬಂದ ಅಂಕಿಯ ವಾಚು ಗಂಟೆಗೊಮ್ಮೆ ಹಾಡುತ್ತಿತ್ತು. ಸರಿಯಾಗಿ ಹನ್ನೆರಡಕ್ಕೆ ಅದು ಕೊರಳೆತ್ತಿದ್ದೇ ತಡ, ನೀರಿನಿಂದ ಅರ್ಧ ಹೊರಬಂದಿದ್ದ ಆಮೆ ಮಿಲಿಟರಿ ಸಿಪಾಯಿಯಂತೆ ಹಿಂದಕ್ಕೆ ತಿರುಗಿ ಕವಾಯತು ಮಾಡಿತು. ಮೂರನೆಯದರ ಹೊಟ್ಟೆಗೆ ಮರಳು ಹೋಯಿತು. ಹೋದ ವರ್ಷ ಫೆಬ್ರವರಿಯಲ್ಲಿ ಅದು ಯಾವಾಗ ನಿಂತಿತೋ ತಿಳಿಯದೆ, ಮೇಷ್ಟ್ರು ಕೇಳಿದಾಗ ಇಂದುಧರಪ್ಪ ಅಂದಾಜಿನ ಮೇಲೆ, "ಒಂದು ಗಂಟೆ ಆಗಿರಬೇಕು ಮಾಸ್ಟಾರೂ" ಎಂದುಬಿಟ್ಟರು. ಆಗಿದ್ದು ನಾಲ್ಕು ಗಂಟೆ. ಹದಿನೇಳನೆಯ ಗೂಡು, ನೂರ ಹನ್ನೆರಡು ಮೊಟ್ಟೆ. ಐವತ್ತು ದಿನ ಕಳೆಯಿತು, ಅರವತ್ತು ಕಳೆಯಿತು. ಮರಳು ಮಿಸುಕಲಿಲ್ಲ. ಮೇಷ್ಟ್ರು ಅಗೆದು ನೋಡಿದರು, ಏನೂ ಹೇಳದೆ ಮತ್ತೆ ಮುಚ್ಚಿದರು. ಬೈದಿದ್ದರೆ ಇಂದುಧರಪ್ಪನವರಿಗೆ ನಿದ್ದೆ ಬರುತ್ತಿತ್ತು.

ಅಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಗಿತ್ತು. ಆದರೂ ಈ ಸಲ ಒಂದು ಗೂಡಾದರೂ ತನ್ನ ವಾಚಿನ ಲೆಕ್ಕದಲ್ಲಿ ಬದುಕಬೇಕು, ಇಲ್ಲವಾದರೆ ಆ ದಡಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ಕನಕದುರ್ಗಮ್ಮನ ಮುಂದೆ ಕೈಮುಗಿದು ಪ್ರತಿಜ್ಞೆ ಮಾಡಿಬಿಟ್ಟರು. ನೌಕಾಪಡೆಯಲ್ಲಿದ್ದ ತಂಗಿಯ ಗಂಡ ಜಯದೇವ ಫೋನಿನಲ್ಲಿ ಗೀತೋಪದೇಶ ಮಾಡಿದ: "ಭಾವ, ಗಾಜು ಕಲ್ಲಿಗೆ ಬಿದ್ರೂ ಒಡೀಬಾರ್ದು. ನೀರು ಒಳಗೆ ಹೋಗ್ಬಾರ್ದು. ಗುಂಡಿ ಒತ್ತಿದ್ರೆ ದೀಪ ಹತ್ತೋದು ಬೇಡವೇ ಬೇಡ. ಮುಳ್ಳು ತಾನಾಗೇ ಹೊಳೀಬೇಕು."

ಡಿಸೆಂಬರಿನ ಒಂದು ಸಂಜೆ ದಂಪತಿಗಳು ಬೆಸೆಂಟ್ ರಸ್ತೆಯ ಜಗನ್ಮೋಹನನ ವಾಚಿನ ಅಂಗಡಿ ಹೊಕ್ಕರು. ಚಿನ್ನದ ಬಣ್ಣದವನ್ನೆಲ್ಲ ಇಂದುಧರಪ್ಪ ಸ್ವಯಂವರದ ರಾಜಕುಮಾರಿಯಂತೆ ಮೂಗು ಮುರಿದು ದಾಟಿದರು. ಕೊನೆಗೆ ದಪ್ಪ ಮೈಯ ಐದು ವಾಚುಗಳು ಉಳಿದವು.

"ಕತ್ತಲೆ ಬೇಕಲ್ಲ," ಎಂದರು.

"ಕರೆಂಟ್ ಹೋಗೋದು ಎಂಟಕ್ಕೆ ಸಾರ್, ಕಾಯ್ತೀರಾ?" ಎಂದ ಜಗನ್ಮೋಹನ.

ಕಾಯುವ ಸಹನೆ ಯಾರಿಗಿತ್ತು? ಇಂದುಧರಪ್ಪ ಐದನ್ನೂ ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಕಟ್ಟಿಕೊಂಡು, ಗಲ್ಲಾದ ಕೆಳಗೆ ನುಸುಳಿ, ಅಲ್ಲಿದ್ದ ಗೋಣಿಚೀಲವನ್ನು ಮುಸುಕು ಹಾಕಿಕೊಂಡರು.

"ರೀ, ಜನ ನೋಡ್ತಿದಾರೆ. ಮೇಲೆ ಬನ್ರಿ," ಎಂದಳು ಸುಮಿತ್ರಾ.

"ತಡಿಯೇ, ಕಣ್ಣು ಇನ್ನೂ ಕತ್ತಲೆಗೆ ಹೊಂದಿಲ್ಲ," ಎಂದಿತು ಗೋಣಿಚೀಲ.

"ನನ್ನ ನೋಡೋಕೆ ಬಂದಾಗ ಐದು ನಿಮಿಷಾನೂ ಕೂತಿರ್ಲಿಲ್ಲ ನೀವು. ಉಪ್ಪಿಟ್ಟು ತಿಂದು ಎದ್ದು ಹೋದ್ರಿ."

"ನೀನು ಹಗಲಲ್ಲೇ ಹೊಳೀತಿದ್ದೆ ಕಣೇ. ಮುಸುಕು ಹಾಕಿ ನೋಡೋ ಅಗತ್ಯ ಇರ್ಲಿಲ್ಲ."

ಸುಮಿತ್ರಾ ಮೊದಲು ನಕ್ಕು, ಆಮೇಲೆ ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದಾರೆಂದು ನೆನಪಾಗಿ ಸೆರಗು ಬಾಯಿಗಿಟ್ಟುಕೊಂಡಳು.

ಗೋಣಿಯೊಳಗೆ ಒಂದು ಪುಟ್ಟ ಆಕಾಶ ತೆರೆದುಕೊಂಡಿತ್ತು. ತೋಳಿನುದ್ದಕ್ಕೂ ಹಸಿರು ಚುಕ್ಕೆಗಳ ಐದು ಮಂಡಲ. ಬೆಸೆಂಟ್ ರಸ್ತೆಯ ಗದ್ದಲ ಎಲ್ಲೋ ದೂರದ ಅಲೆಯಾಯಿತು. ಒಂದೊಂದೇ ಮಂಡಲ ಮಂಕಾಗಿ ನಂದುತ್ತಾ ಬಂತು. ಮಣಿಕಟ್ಟಿನ ಹತ್ತಿರದ್ದು ಮಾತ್ರ ಧ್ರುವನ ಹಾಗೆ ಹಟ ಹಿಡಿದು ಉಳಿಯಿತು. ಜಪಾನಿನಲ್ಲಿ ಮುಳುಗುಗಾರರಿಗೆಂದು ಮಾಡಿದ್ದು. ಕೈ ಆಡಿಸಿದರೆ ಸಾಕು, ಕೀಲಿ ತಾನೇ ತಿರುಗುತ್ತದೆ.

"ಇದೇ!" ಎಂದು ಇಂದುಧರಪ್ಪ ಎದ್ದ ರಭಸಕ್ಕೆ ಗಲ್ಲಾ ತಲೆಗೆ ಬಡಿಯಿತು.

"ದಿನಾ ಬಿಸಿಲು ಕುಡಿಸಿ ಸಾರ್," ಎಂದ ಜಗನ್ಮೋಹನ ಡಬ್ಬಿ ಕಟ್ಟುತ್ತಾ. "ಈ ಬಣ್ಣ ಹಗಲು ಕುಡಿದಿದ್ದನ್ನೇ ರಾತ್ರಿ ಕಕ್ಕೋದು."

ತಲೆ ಉಜ್ಜಿಕೊಳ್ಳುತ್ತಿದ್ದ ಇಂದುಧರಪ್ಪನವರ ಕಿವಿಗೆ ಆ ಮಾತು ಬಿತ್ತು, ಒಳಗಿಳಿಯಲಿಲ್ಲ. ಅವರೊಳಗಿನ ಬ್ಯಾಂಕ್ ಅಧಿಕಾರಿ ಆಗಲೇ ಎಚ್ಚೆತ್ತಿದ್ದ. ಇಪ್ಪತ್ತು ವರ್ಷದಿಂದ ಅವನಿಗೆ ಗೊತ್ತಿದ್ದುದು ಒಂದೇ ಧರ್ಮ: ಬೆಲೆಬಾಳುವುದನ್ನು ಕಬ್ಬಿಣದೊಳಗೆ ಇಡಬೇಕು. ಮರುದಿನವೇ ಆ ವಾಚು ಸುಮಿತ್ರಾಳ ಮಂಗಳಗಿರಿ ಸೀರೆಯ ರವಿಕೆಯಲ್ಲಿ ಉಳಿದ ತುಂಡಿನಲ್ಲಿ ಸುತ್ತಿಕೊಂಡು, ಬ್ಯಾಂಕಿನ ಲಾಕರಿನಲ್ಲಿ, ಅವಳ ಅವಲಕ್ಕಿ ಸರದ ಪಕ್ಕದಲ್ಲಿ ಪವಡಿಸಿತು. ಪ್ರತಿ ಮಧ್ಯಾಹ್ನ ಬಾಗಿಲು ತೆರೆದು, "ಇದ್ದೀಯಾ?" ಎಂದು ಮುಟ್ಟಿ ನೋಡಿ ಮತ್ತೆ ಬೀಗ ಹಾಕುತ್ತಿದ್ದರು.

ಜನವರಿಯೆಲ್ಲ ಬ್ಯಾಂಕಿನ ತಪಾಸಣೆ ಬಂದು ಊರು ಬಿಡಲಾಗಲಿಲ್ಲ. ಫೆಬ್ರವರಿಯಲ್ಲಿ ಅಮಾವಾಸ್ಯೆಯ ಮರುದಿನ ಶನಿವಾರ ಬಿತ್ತು. ಅರ್ಧದಿನದ ಕೆಲಸ ಮುಗಿಸಿ, ವಾಚನ್ನು ಲಾಕರಿನಿಂದ ಎತ್ತಿ, ಸ್ಟೇಷನ್ನಿನ ಗಡಿಯಾರಕ್ಕೆ ಸರಿಹೊಂದಿಸಿ, ಕಳ್ಳರ ಭಯಕ್ಕೆ ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಅಡಗಿಸಿ ರೈಲು ಹತ್ತಿದರು. ಕೀಲಿ ತಿರುಗಬೇಕಲ್ಲ, ದಾರಿಯುದ್ದಕ್ಕೂ ಕ್ಯಾರಿಯರನ್ನು ತೊಟ್ಟಿಲಿನಂತೆ ತೂಗಿದರು. ಎದುರು ಕೂತಿದ್ದ ಕೋಟೇಶ್ವರಮ್ಮ ಎಂಬ ಮುದುಕಿ ತುನಿಯವರೆಗೆ ಸಹಿಸಿ, ಆಮೇಲೆ ಕೇಳಿಯೇಬಿಟ್ಟರು: "ಏಮ್ ಬಾಬೂ, ಒಳಗೆ ಮಗು ಇದೆಯಾ?"

"ನೂರಾರು ಮಕ್ಕಳು ಅಮ್ಮಾ," ಎಂದರು ಇಂದುಧರಪ್ಪ, ಕನಸುಗಣ್ಣಿನಲ್ಲಿ. ಮುದುಕಿ ಸೀಟು ಬದಲಾಯಿಸಿದರು.

ರಾತ್ರಿ ಹನ್ನೆರಡರ ಸುಮಾರಿಗೆ ದಡದಲ್ಲಿ ನಕ್ಷತ್ರಗಳ ಬೆಳಕು ಬಿಟ್ಟರೆ ಬೇರೇನಿರಲಿಲ್ಲ. ಕಡಲು ನಿದ್ದೆಯಲ್ಲಿ ಮಗ್ಗುಲು ಬದಲಾಯಿಸುವವರಂತೆ ಆಗೊಮ್ಮೆ ಈಗೊಮ್ಮೆ ಸದ್ದು ಮಾಡುತ್ತಿತ್ತು. ಮೇಷ್ಟ್ರು ಉತ್ತರದ ಕಡೆ ಹೋಗಿದ್ದರು. ಕ್ಯಾರಿಯರಿನಿಂದ ವಾಚನ್ನು ತೆಗೆದು ಕತ್ತಲೆಯಲ್ಲೇ ಕೈಗೆ ಕಟ್ಟಿ, ಚಳ್ಳಕೆರೆಯ ಕರಿ ಕಂಬಳಿ ಹೊದ್ದು ಇಂದುಧರಪ್ಪ ಒಬ್ಬರೇ ಕೂತಿದ್ದರು. ಆಗ ನೀರಿನಿಂದ ಕತ್ತಲೆಯ ಒಂದು ಗಡ್ಡೆ ಬೇರೆಯಾಯಿತು. ತಾಯಿ ಆಮೆ. ಮೈ ಎಳೆದಳು, ನಿಂತಳು, ಉಸಿರು ಬಿಟ್ಟಳು, ಮತ್ತೆ ಎಳೆದಳು. ಅವರಿಂದ ಮೂರು ಮಾರು ದೂರದಲ್ಲಿ ಮರಳು ಅಗೆಯತೊಡಗಿದಳು.

ಇಂದುಧರಪ್ಪ ಅರ್ಜುನ ಗಾಂಡೀವ ಎತ್ತಿದ ಠೀವಿಯಲ್ಲಿ ಎಡಗೈ ಎತ್ತಿ ವಾಚು ನೋಡಿದರು.

ಏನೂ ಇರಲಿಲ್ಲ. ಹಸಿರಿಲ್ಲ, ಮುಳ್ಳಿಲ್ಲ, ಅಂಕಿಯಿಲ್ಲ. ಕೈಯಲ್ಲೊಂದು ದುಂಡನೆಯ ಅಮಾವಾಸ್ಯೆ.

ಕಿವಿಗಿಟ್ಟರೆ ಟಿಕ್ ಟಿಕ್ ಎನ್ನುತ್ತಿತ್ತು. ವಾಚು ಬದುಕಿತ್ತು, ಕುರುಡಾಗಿತ್ತು. ಆಗ ಜಗನ್ಮೋಹನನ ಮಾತು ಎರಡು ತಿಂಗಳು ತಡವಾಗಿ ಒಳಗಿಳಿಯಿತು. ಬಿಸಿಲು ಕುಡಿಯುವ ಜೀವವನ್ನು ತಾವು ಉಕ್ಕಿನ ಕತ್ತಲೆಯಲ್ಲಿ, ಚಿನ್ನದ ಪಕ್ಕದಲ್ಲಿ, ಎಂಟು ವಾರ ಉಪವಾಸ ಕೆಡವಿದ್ದರು. ಹದಿನೇಳನೆಯ ಗೂಡು ಕಣ್ಣಮುಂದೆ ಬಂತು. ಮತ್ತೆ ಅಂದಾಜಿನಲ್ಲಿ ಹೇಳುವುದೆಂದರೆ ಇನ್ನೊಂದು ನೂರು ಜೀವ. ಜೋಳಿಗೆಯಲ್ಲಿ ಆಪತ್ತಿಗೆಂದು ಟಾರ್ಚಿತ್ತು. ಆದರೆ ಅದು ಹತ್ತಿದರೆ ಇವಳು ಹಿಂದಿರುಗುತ್ತಾಳೆ. ಎದ್ದು ದೂರ ಹೋದರೆ ಮೊದಲ ಮೊಟ್ಟೆ ಬಿದ್ದ ಗಳಿಗೆಯೇ ತಪ್ಪುತ್ತದೆ.

ಅವಳು ಅಗೆಯುತ್ತಲೇ ಇದ್ದಳು. ಹಿಂಗಾಲಿನಿಂದ ಒಂದು ಬೊಗಸೆ, ಒಂದು ನಿಟ್ಟುಸಿರು.

ಇಂದುಧರಪ್ಪನವರಿಗೆ ಗಲ್ಲಾದ ಕೆಳಗಿನ ಗೋಣಿಚೀಲ ನೆನಪಾಯಿತು. ಮೊಣಕಾಲೂರಿ ಬೋರಲಾಗಿ, ಕಂಬಳಿಯನ್ನು ತಲೆಯಿಂದ ಪಾದದವರೆಗೆ ಎಳೆದು, ಅಂಚುಗಳನ್ನೆಲ್ಲ ಮರಳಿನಲ್ಲಿ ಹೂತರು. ಚಳ್ಳಕೆರೆಯ ಕುರಿಗಳು ಮಳೆಗೂ ಬಿಡದಂತೆ ಕೊಟ್ಟ ಉಣ್ಣೆ, ಬೆಳಕಿಗೆ ಬಿಟ್ಟೀತೇ? ಒಳಗೆ ಟಾರ್ಚು ಹತ್ತಿಸಿ ವಾಚಿನ ಮುಖಕ್ಕೆ ಹಿಡಿದರು. "ಕುಡಿಯಪ್ಪಾ, ಕುಡಿ," ಎಂದು ಕೂಸಿಗೆ ಹಾಲು ಹನಿಸುವಂತೆ ಬೇಡಿಕೊಂಡರು.

ಹಾಗಿರುವಾಗ ಯಾರದೋ ಕೈ ಅವರ ಬೆನ್ನಿನ ಮೇಲೆ ಮೆಲ್ಲಗೆ ಆಡಿತು. ಭುಜದಿಂದ ಸೊಂಟದವರೆಗೆ ಅಳತೆಯ ಟೇಪು ಹರಿದಾಡಿತು.

"ಅಯ್ಯ ಬಾಬೋಯ್," ಎಂದಿತು ಮೇಷ್ಟ್ರ ಪಿಸುದನಿ, ಭಕ್ತಿಯಿಂದ ನಡುಗುತ್ತಾ. "ಇಷ್ಟು ದೊಡ್ಡದನ್ನು ಈ ತೀರದಲ್ಲಿ ನಾನು ಕಂಡೇ ಇಲ್ಲ!"

"ಮಾಸ್ಟಾರೂ, ನಾನು," ಎಂದಿತು ಆಮೆ.

ಬೆನ್ನ ಮೇಲಿದ್ದ ಟೇಪು ಮೆಲ್ಲಗೆ ಸುತ್ತಿಕೊಂಡು ಹಿಂದಕ್ಕೆ ಹೋಯಿತು.

"ಇಂದುಧರ ಗಾರೂ," ಎಂದರು ಮೇಷ್ಟ್ರು ಕೊನೆಗೆ, "ಮೊಟ್ಟೆ ಇಡೋ ವಿಚಾರ ಇದ್ದರೆ ಸ್ವಲ್ಪ ಆ ಕಡೆ ಇಡಿ. ಇಲ್ಲಿ ಆಕೆ ಅಗೀತಿದಾಳೆ."

ಟಾರ್ಚು ಆರಿಸಿ ಇಂದುಧರಪ್ಪ ಕಂಬಳಿಯಿಂದ ಕತ್ತು ಹೊರಗೆ ಚಾಚಿದರು. ಮಣಿಕಟ್ಟಿನ ಮೇಲೆ ಹನ್ನೆರಡು ಹಸಿರು ಚುಕ್ಕೆ, ಎರಡು ಹಸಿರು ಮುಳ್ಳು. ಅದೇ ಗಳಿಗೆಗೆ ಹಿಂಗಾಲುಗಳ ಕೆಲಸ ನಿಂತಿತು, ಗುಂಡಿಯೊಳಗೆ ಮೆತ್ತನೆಯ ಸದ್ದೊಂದು ಬಿತ್ತು.

"ಹನ್ನೆರಡು ಐವತ್ತನಾಲ್ಕು," ಎಂದರು ಇಂದುಧರಪ್ಪ. "ಅಂದಾಜಲ್ಲ ಮಾಸ್ಟಾರೂ. ನೋಡಿ ಹೇಳ್ತಿದೀನಿ."

ನೂರ ಹದಿನೆಂಟು ಮೊಟ್ಟೆಗಳು ಎರಡೂವರೆಗೆ ಮುಂಚೆಯೇ ಬೇಲಿಯೊಳಗೆ ಮಲಗಿದವು. ಒಂಬತ್ತನೆಯ ಗೂಡು.

ಆಮೇಲಿನ ಐವತ್ತು ದಿನ ಪಟಮಟದ ತಾರಸಿಯಲ್ಲಿ ಸುಮಿತ್ರಾಳ ಸಂಡಿಗೆಯ ಪಕ್ಕದಲ್ಲಿ ವಾಚೂ ಒಣಗಿತು. ಸಂಡಿಗೆಗೆ ಬಂದ ಕಾಗೆ ವಾಚಿಗೂ ಕೊಕ್ಕು ಹಾಕಿತೆಂದು ಇಂದುಧರಪ್ಪ ಭಾನುವಾರಗಳಲ್ಲಿ ಕೊಡೆ ಹಿಡಿದು ಕಾವಲು ಕೂತರು. ಐವತ್ತನೆಯ ದಿನ ಸುಮಿತ್ರಾ, "ಆ ನನ್ನ ಸವತಿಯ ಮಕ್ಕಳನ್ನ ನಾನೂ ನೋಡ್ಬೇಕು," ಎಂದು ಜೊತೆಗೆ ಹೊರಟಳು.

ಬೆಳಗಿನ ಜಾವ, ಕಡಲಿನ ಅಂಚು ಇನ್ನೂ ಬೂದಿಬಣ್ಣ. ಬೇಲಿಯೊಳಗಿನ ಮರಳು ಕುದಿಯುವ ರಾಗಿ ಅಂಬಲಿಯಂತೆ ಮಿಸುಕಿತು. ಒಂದು ಮೂಗು, ಎರಡು, ಹತ್ತು, ಆಮೇಲೆ ಎಣಿಕೆ ತಪ್ಪಿತು. ಅಂಗೈಯಷ್ಟೂ ಇಲ್ಲದ ಕರಿ ಮರಿಗಳು ಒಂದರ ಮೇಲೊಂದು ಉರುಳಿ, ತಾಯಿಯಂತಲ್ಲದೆ ಬೆಳಕನ್ನೇ ದಾರಿಯೆಂದು ನಂಬಿ, ನೀರಿನ ಮಿನುಗನ್ನು ಹಿಡಿದು ಓಡತೊಡಗಿದವು. ಇಂದುಧರಪ್ಪ ಮರಳಿನಲ್ಲಿ ಕೂತುಬಿಟ್ಟರು.

ಒಂದು ಮರಿ ಮಾತ್ರ ಕಡಲಿಗೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ನಿಂತು, ತಿರುಗಿ, ನೇರ ಅವರ ಕಡೆಗೇ ಬಂತು. ಅವರ ಪಾದ ಹತ್ತಿತು, ಜಾರಿತು, ಮತ್ತೆ ಹತ್ತಿತು. ತನ್ನನ್ನು ಗುರುತಿಸಿತೆಂದೇ ಇಂದುಧರಪ್ಪ ಕಣ್ಣು ತುಂಬಿಕೊಂಡರು.

"ರೀ, ನಿಮ್ಮನ್ನಲ್ಲ," ಎಂದಳು ಸುಮಿತ್ರಾ. "ನಿಮ್ಮ ವಾಚನ್ನ!"

ಐವತ್ತು ದಿನದ ಬಿಸಿಲು ಮಣಿಕಟ್ಟಿನ ಮೇಲೆ ಹಸಿರಾಗಿ ಉರಿಯುತ್ತಿತ್ತು. ಇಂದುಧರಪ್ಪ ಗಾಬರಿಯಿಂದ ಪಟ್ಟಿ ಬಿಚ್ಚಲು ಹೋದರು. ಮರಳು ಸಿಕ್ಕ ಕೊಂಡಿ ಬಿಚ್ಚಲಿಲ್ಲ. ಸುಮಿತ್ರಾ ಪಕ್ಕದಲ್ಲಿ ಕೂತು ಮಂಗಳಗಿರಿ ಸೆರಗನ್ನು ಅವರ ಕೈಗೆ ಮೂರು ಸುತ್ತು ಸುತ್ತಿ ಹಿಡಿದಳು. ಹಸಿರು ನಂದಿತು. ಮರಿ ಕತ್ತೆತ್ತಿ ಒಂದು ಗಳಿಗೆ ಯೋಚಿಸಿತು. ದೂರದಲ್ಲಿ ಅಲೆಯೊಂದು ಬೆಳ್ಳಗೆ ಮುರಿಯಿತು. ಮರಿ ಪಾದದಿಂದ ಇಳಿದು ಆ ಬಿಳುಪಿನ ಕಡೆ ನಡೆಯಿತು.

"ಇಂದುಧರ ಗಾರೂ, ಕೊನೇದು ನೀರು ಮುಟ್ಟಿತು," ಎಂದು ಕೂಗಿದರು ಮೇಷ್ಟ್ರು, ಗೂಡುಗಳ ಲೆಕ್ಕದ ಪುಸ್ತಕ ತೆರೆದು. "ಟೈಮ್ ಎಷ್ಟು?"

ಸೆರಗಿನ ಒಳಗೆ ವಾಚು ಬೆಚ್ಚಗೆ ಟಿಕ್ ಟಿಕ್ ಎನ್ನುತ್ತಿತ್ತು. ಸುಮಿತ್ರಾ ಗಂಟು ಸಡಿಲಿಸಲಿಲ್ಲ, ಇಂದುಧರಪ್ಪನವರೂ ಬಿಚ್ಚೆಂದು ಕೇಳಲಿಲ್ಲ.

"ಗೊತ್ತಿಲ್ಲ ಮಾಸ್ಟಾರೂ," ಎಂದರು. "ಖಾಲಿ ಬಿಡಿ."